ಮೊದಲ ದಿನವೇ ಹೇಳಬೇಕಾದ ಮಾತು



ಕಳೆದ ಹುಣ್ಣಿಮೆಯ ಶಿವಾನುಭವ ಗೋಷ್ಠಿ ಮುಗಿದು ಪ್ರಸಾದದ ಪಂಕ್ತಿ ಏಳುವ ಹೊತ್ತಿಗೆ ರೈತ ಬಂಧುವೊಬ್ಬರು ನನ್ನ ಬಳಿ ಬಂದರು. ಮಗ ಪಿಯುಸಿ ಮುಗಿಸಿದ್ದಾನೆ, ಮುಂದೇನು ಓದಿಸಬೇಕೆಂಬ ಚಿಂತೆ ಅವರದು. "ಸರ, ಆನ್‌ಲೈನ್ ಕಾಲೇಜು ಅಂದ್ರ ಮನ್ಯಾಗ ಕುಂತು ಪಾಸಾಗೂದು ಹೌದಲ್ರೀ? ಹೊಲದ ಕೆಲಸಾನೂ ಆಗತೈತಿ, ಡಿಗ್ರೀನೂ ಬರತೈತಿ" ಎಂದರು. ಅವರ ಪಕ್ಕದಲ್ಲಿ ನಿಂತಿದ್ದ ಮಗ ಮುಖ ತಗ್ಗಿಸಿ ನಕ್ಕ. ಅವನೂ ಅದನ್ನೇ ನಂಬಿದ್ದನೆಂದು ಆ ನಗುವೇ ಹೇಳಿತು.

ನಾನು ಆ ತಂದೆಯನ್ನೂ ಮಗನನ್ನೂ ತಪ್ಪು ತಿಳಿಯಲಿಲ್ಲ. ಆನ್‌ಲೈನ್ ಓದು ಎಂದರೆ ಏನು, ಅದು ಓದುವವನಿಂದ ಏನನ್ನು ಬೇಡುತ್ತದೆ ಎಂಬುದನ್ನು ನಾವು, ಅಂದರೆ ಕಲಿಸುವವರು, ಸರಿಯಾಗಿ ಹೇಳಿಯೇ ಇಲ್ಲ. ಜುಲೈ ತಿಂಗಳಲ್ಲಿ ಹೊಸ ಸೆಮಿಸ್ಟರ್ ಶುರುವಾಗುತ್ತದೆ. ಮಠಗಳ ಆಶ್ರಯದ ಕಾಲೇಜುಗಳಲ್ಲಿಯೂ, ಪ್ರಸಾದ ನಿಲಯಗಳಲ್ಲಿಯೂ ಇರುವ ಮಕ್ಕಳು ಆನ್‌ಲೈನ್ ಕೋರ್ಸುಗಳಿಗೆ ಹೆಸರು ಹಚ್ಚುತ್ತಾರೆ. ಅದಕ್ಕೆ ಮುನ್ನ ಈ ವಿಷಯವನ್ನು ನಿಮ್ಮೆದುರು ಇಡುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ. ಕರ್ತವ್ಯ ಎನ್ನುವುದಕ್ಕಿಂತ ತಪ್ಪೊಪ್ಪಿಗೆ ಎಂದರೂ ಸರಿ. ಈ ಪತ್ರಿಕೆಯ ಕೆಲಸಕ್ಕೆ ಬರುವ ಮೊದಲು ನಾನು ಬಹಳ ವರ್ಷ ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿದವನು. ಈ ವಿಷಯದಲ್ಲಿ ಮೊದಲು ಎಡವಿದವನೂ ನಾನೇ.

2020ರಲ್ಲಿ ಕೊರೊನಾ ಬಂದು ಕಾಲೇಜುಗಳ ಬಾಗಿಲು ಮುಚ್ಚಿದಾಗ ನಮಗೆಲ್ಲ ಒಂದೇ ರಾತ್ರಿಯಲ್ಲಿ ಆನ್‌ಲೈನ್ ಮೇಷ್ಟ್ರಾಗುವ ಪ್ರಸಂಗ ಬಂತು. ನಾನು ಮೊಬೈಲನ್ನು ಪುಸ್ತಕಗಳ ರಾಶಿಗೆ ಒರಗಿಸಿಟ್ಟು, ಎದುರಿಗೆ ಯಾರೂ ಕಾಣದಿದ್ದರೂ ಕಾಣುವವರಂತೆ ಪಾಠ ಹೇಳಿದೆ. ಪ್ರತಿ ವಾರ ಒಂದು ಬರವಣಿಗೆ ಕೊಟ್ಟೆ. "ಭಾನುವಾರದೊಳಗೆ ಕಳಿಸಿ" ಎಂದೆ. ಅಷ್ಟೇ ನಾನು ಹೇಳಿದ್ದು. ತಡವಾದರೆ ಏನಾಗುತ್ತದೆ, ಫೋನು ಕೆಟ್ಟರೆ ಏನು ಮಾಡಬೇಕು, ನನ್ನನ್ನು ಯಾವ ಹೊತ್ತಿನಲ್ಲಿ ಕೇಳಬಹುದು, ಒಂದೂ ಹೇಳಲಿಲ್ಲ. ಕಾಲೇಜಿಗೆ ಬರುವ ಮಕ್ಕಳಿಗೆ ಇದೆಲ್ಲ ಗೊತ್ತಿರುತ್ತದೆ ಎಂದುಕೊಂಡೆ.

ಆ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಕಾಲೇಜು ತೆರೆದಿದ್ದಾಗ ಎರಡನೆಯ ಬೆಂಚಿನಲ್ಲಿ ಕೂತು, ಕಡಿಮೆ ಮಾತಾಡಿ, ಚೆನ್ನಾಗಿ ಬರೆಯುತ್ತಿದ್ದವಳು. ಮೊದಲ ಬರವಣಿಗೆ ಬಂತು, ಚೆನ್ನಾಗಿತ್ತು. ಎರಡನೆಯದು ಮಂಗಳವಾರ ಬಂತು. ಮೂರನೆಯದು ಬುಧವಾರ ರಾತ್ರಿ. ಶಿಸ್ತು ಎಂದರೆ ಶಿಸ್ತು ಎಂದು ಎರಡಕ್ಕೂ ಸೊನ್ನೆ ಹಾಕಿದೆ. ಬರೆದದ್ದನ್ನು ಓದಲೂ ಇಲ್ಲ. ನಾಲ್ಕನೆಯದು ಬರಲೇ ಇಲ್ಲ. ಮುಂದೆ ಪರೀಕ್ಷೆಗೂ ಆಕೆ ಬರಲಿಲ್ಲ. ಕಾಲೇಜು ಮತ್ತೆ ತೆರೆದಾಗ ಎರಡನೆಯ ಬೆಂಚು ಖಾಲಿ ಇತ್ತು. ಮದುವೆ ಗೊತ್ತಾಯಿತೆಂದು ಗೆಳತಿಯರು ಹೇಳಿದರು. ನಾನು "ಹೀಗೆಯೇ ಆಗುತ್ತದೆ" ಎಂದು ನಿಟ್ಟುಸಿರುಬಿಟ್ಟು, ಹಾಜರಿ ಪುಸ್ತಕದಲ್ಲಿ ಹೆಸರಿನ ಮೇಲೆ ಗೆರೆ ಎಳೆದೆ.

ಎರಡು ವರ್ಷದ ಹಿಂದೆ ಜಾತ್ರೆಯಲ್ಲಿ ಆಕೆ ಸಿಕ್ಕಳು. ಕಂಕುಳಲ್ಲಿ ಕೂಸು. ನನ್ನನ್ನು ಗುರುತು ಹಿಡಿದು ತಾನೇ ಬಂದು ಶರಣು ಮಾಡಿದಳು. ಮಾತು ಹಳೆಯ ದಿನಗಳಿಗೆ ಹೊರಳಿತು. ಆಗ ಹೇಳಿದಳು: "ಫೋನು ನಮ್ಮಣ್ಣಂದಿತ್ರಿ ಸರ. ಅವ ಗಾಡಿ ಹೊಡೀಲಾಕ ಹೋದ್ರ ಮೂರು ಮೂರು ದಿನ ಬರತಿದ್ದಿಲ್ಲ. ಅವ ಬಂದ ರಾತ್ರಿ ಬರದು ಕಳಸತಿದ್ದೆ." ನಾನು ಕೇಳಿದೆ: "ನನಗ ಒಂದು ಮಾತು ಹೇಳಬಾರದಿತ್ತೇನವಾ?" ಅದಕ್ಕೆ ಆಕೆ ಯಾವ ಸಿಟ್ಟೂ ಇಲ್ಲದೆ ಹೇಳಿದ ಮಾತು ಇದು: "ಹಂಗ ಕೇಳಬಹುದು ಅಂತ ನನಗ ಗೊತ್ತಿರಲಿಲ್ರಿ ಸರ."

ಶರಣ ಬಂಧುಗಳೇ, ಈ ಸಂಪಾದಕೀಯ ಇರುವುದು ಆ ಒಂದು ಮಾತಿನ ಸುತ್ತಲೇ.

ಅದೇ ತರಗತಿಯಲ್ಲಿ ಇನ್ನೊಬ್ಬ ಹುಡುಗನಿದ್ದ. ಅವನ ತಂದೆಯೂ ಉಪನ್ಯಾಸಕರು. ಅವನೂ ಎರಡು ಸಲ ತಡ ಮಾಡಿದ್ದ. ಆದರೆ ಶನಿವಾರವೇ ನನಗೆ ಫೋನು ಹಚ್ಚಿ, "ಸರ್, ನೆಟ್‌ವರ್ಕ್ ಸಮಸ್ಯೆ ಇದೆ, ಎರಡು ದಿನ ಕೊಡ್ತೀರಾ?" ಎಂದು ಕೇಳಿದ್ದ. ನಾನು ಕೊಟ್ಟಿದ್ದೆ. ಅವನು ಸುಳ್ಳು ಹೇಳಿರಲಿಲ್ಲ, ನಾನು ಪಕ್ಷಪಾತ ಮಾಡಬೇಕೆಂದೂ ಮಾಡಿರಲಿಲ್ಲ. ಕೇಳಬಹುದು ಎಂಬ ತಿಳಿವಳಿಕೆ ಅವನಿಗೆ ಮನೆಯಲ್ಲಿಯೇ ಸಿಕ್ಕಿತ್ತು. ಮನೆತನದಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದವಳಿಗೆ ಸಿಕ್ಕಿರಲಿಲ್ಲ. ಬರೆಯದ ನಿಯಮ ಎಲ್ಲರಿಗೂ ಒಂದೇ ಎಂದು ನಾವು ತಿಳಿಯುತ್ತೇವೆ. ಅದು ಒಂದೇ ಅಲ್ಲ. ಗೊತ್ತಿದ್ದವನಿಗೆ ಅದು ಬಾಗಿಲು, ಗೊತ್ತಿಲ್ಲದವಳಿಗೆ ಗೋಡೆ. ಹುಟ್ಟಿನಿಂದ ಬಂದ ಹೆಚ್ಚು ಕಡಿಮೆಗಳನ್ನು ಒಪ್ಪದವರು ನಾವು ಎಂದು ಹೇಳಿಕೊಳ್ಳುತ್ತೇವೆ. ನನ್ನ ತರಗತಿಯಲ್ಲಿ ನಾನೇ ಅಂಥದೊಂದನ್ನು ನಡೆಸಿಕೊಂಡು ಬಂದಿದ್ದೆ.

ನಾನು ಹೈಸ್ಕೂಲು ಓದಿದ್ದು ಮಠದ ಪ್ರಸಾದ ನಿಲಯದಲ್ಲಿ. ಹಳ್ಳಿಯಿಂದ ತಗಡಿನ ಟ್ರಂಕು ಹೊತ್ತು ಬಂದ ಮೊದಲ ರಾತ್ರಿಯೇ ಅಲ್ಲಿಯ ಹಿರಿಯರು ಹೊಸ ಹುಡುಗರನ್ನೆಲ್ಲ ಪಡಸಾಲೆಯಲ್ಲಿ ಕೂಡಿಸಿ ಹೇಳಿದ್ದರು: ಗಂಟೆ ಎಷ್ಟಕ್ಕೆ ಬಾರಿಸುತ್ತದೆ, ಪ್ರಾರ್ಥನೆ ಎಲ್ಲಿ, ಪ್ರಸಾದಕ್ಕೆ ಹೇಗೆ ಸಾಲಾಗಿ ಕೂಡಬೇಕು, ತಾಟು ಎಲ್ಲಿ ತೊಳೆಯಬೇಕು. ಕೊನೆಗೆ, ರಾತ್ರಿ ಜ್ವರ ಬಂದರೆ ಯಾರನ್ನು ಎಬ್ಬಿಸಬೇಕು ಎಂದೂ ಹೇಳಿದ್ದರು. "ಅಂಜಬ್ಯಾಡ್ರಿ, ಎಬ್ಬಸ್ರಿ" ಎಂದಿದ್ದರು. ದಿನಚರಿಯ ಫಲಕ ಗೋಡೆಯ ಮೇಲೆ ತೂಗುತ್ತಿತ್ತು. ಸಾಹುಕಾರರ ಮಗನಿಗೂ ಕೂಲಿಕಾರರ ಮಗನಿಗೂ ಅದೇ ಫಲಕ. ಮೂರು ದಿನಕ್ಕೆ ಎಲ್ಲರೂ ಒಂದೇ ಮನೆಯ ಮಕ್ಕಳಂತೆ ಆದೆವು. ಆನ್‌ಲೈನ್ ತರಗತಿಯಲ್ಲಿ ಗೋಡೆಯೇ ಇಲ್ಲ, ಗಂಟೆಯೂ ಇಲ್ಲ, ಪಕ್ಕದ ಹಾಸಿಗೆಯ ಹಿರಿಯ ಹುಡುಗನೂ ಇಲ್ಲ. ಆದ್ದರಿಂದ ಆ ಫಲಕವನ್ನು ನಾವು ಬರೆದೇ ತೂಗುಹಾಕಬೇಕು. ನಾನು ಆ ಹುಡುಗಿಗೆ ಯಾರನ್ನು ಎಬ್ಬಿಸಬೇಕೆಂದು ಹೇಳಿರಲಿಲ್ಲ.

ಈಗ ರೈತ ಬಂಧುಗಳ ಪ್ರಶ್ನೆಗೆ ಬರುತ್ತೇನೆ. ಆನ್‌ಲೈನ್ ಓದು ಸುಲಭವೇ?

ದೂರದಲ್ಲಿದ್ದು ಓದುವುದು ನಮ್ಮ ನಾಡಿಗೆ ಹೊಸತಲ್ಲ. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿಯೇ ಅಂಚೆ ಮೂಲಕ ಪಾಠ ಶುರುಮಾಡಿತು. ಅದೇ ಮುಂದೆ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ನೌಕರಿ ಮಾಡುತ್ತಲೇ, ಮನೆ ನಡೆಸುತ್ತಲೇ ಪದವಿ ಪಡೆದ ತಾಯಂದಿರು, ಪೊಲೀಸರು, ಕಂಡಕ್ಟರರು ನಮ್ಮ ಊರುಗಳಲ್ಲಿ ಬಹಳ ಜನರಿದ್ದಾರೆ. 2017ರಲ್ಲಿ ಕೇಂದ್ರ ಸರ್ಕಾರ 'ಸ್ವಯಂ' ಎಂಬ ಆನ್‌ಲೈನ್ ಕಲಿಕಾ ವ್ಯವಸ್ಥೆಯನ್ನು ತೆರೆಯಿತು. ಯುಜಿಸಿಯ 2021ರ ನಿಯಮದ ಪ್ರಕಾರ, ಒಂದು ಸೆಮಿಸ್ಟರಿನ ಪಾಠಗಳಲ್ಲಿ ಶೇಕಡಾ 40ರವರೆಗೆ ಸ್ವಯಂ ಮೂಲಕವೇ ಓದಿ ಕ್ರೆಡಿಟ್ ಪಡೆಯಲು ಕಾಲೇಜುಗಳು ಅವಕಾಶ ಕೊಡಬಹುದು. ಮಾನ್ಯತೆ ಇರುವ ವಿಶ್ವವಿದ್ಯಾನಿಲಯ ಕೊಟ್ಟ ಆನ್‌ಲೈನ್ ಪದವಿ, ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮ ಎಂದೂ ಯುಜಿಸಿ ಹೇಳಿದೆ. ಆದರೆ ವೈದ್ಯಕೀಯ, ಎಂಜಿನಿಯರಿಂಗ್, ಕಾನೂನು, ನರ್ಸಿಂಗ್, ಕೃಷಿ ಮುಂತಾದ ಪದವಿಗಳನ್ನು ಆನ್‌ಲೈನಿನಲ್ಲಿ ಕೊಡುವಂತಿಲ್ಲ. ಯಾರಾದರೂ ಕೊಡುತ್ತೇವೆಂದರೆ ನಂಬಬೇಡಿ. ಹಣ ಕಟ್ಟುವ ಮುನ್ನ ಆ ಸಂಸ್ಥೆಯ ಹೆಸರು ಯುಜಿಸಿಯ ದೂರ ಶಿಕ್ಷಣ ಮಂಡಳಿಯ ಪಟ್ಟಿಯಲ್ಲಿ ಇದೆಯೇ, ನಿಮ್ಮ ಮಗ ಸೇರುವ ಪದವಿಗೂ ಈ ವರ್ಷಕ್ಕೂ ಒಪ್ಪಿಗೆ ಇದೆಯೇ ಎಂದು ನೋಡಿಯೇ ಮುಂದುವರಿಯಿರಿ.

ಇನ್ನು ಶ್ರಮದ ಲೆಕ್ಕ. 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನ ಪ್ರಕಾರ ಒಂದು ಕ್ರೆಡಿಟ್ ಎಂದರೆ 30 ಗಂಟೆಗಳ ಕಲಿಕೆ. ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ ನಡೆಸುವ ಎನ್‌ಪಿಟಿಇಎಲ್‌ನಲ್ಲಿ 12 ವಾರಗಳ ಕೋರ್ಸಿಗೆ 3 ಕ್ರೆಡಿಟ್. ಹಾಗಾದರೆ 90 ಗಂಟೆ. ಹನ್ನೆರಡು ವಾರಕ್ಕೆ ಹಂಚಿದರೆ ವಾರಕ್ಕೆ ಏಳೂವರೆ ಗಂಟೆ. ಅದರಲ್ಲಿ ವೀಡಿಯೊ ಪಾಠ ಇರುವುದು ಸುಮಾರು ಎರಡೂವರೆ ಗಂಟೆ ಮಾತ್ರ. ಉಳಿದ ಐದು ಗಂಟೆ ಓದುವುದು, ಬರೆಯುವುದು, ಲೆಕ್ಕ ಬಿಡಿಸುವುದು, ತಿಳಿಯದ್ದನ್ನು ಕೇಳುವುದು. ನಮ್ಮ ಹುಡುಗರು ವೀಡಿಯೊ ನೋಡಿದರೆ ಓದು ಮುಗಿಯಿತು ಎಂದುಕೊಳ್ಳುತ್ತಾರೆ. ಅದು ಬಿತ್ತಿ ಬಂದು, ಇನ್ನು ಸುಗ್ಗಿಗೆ ಹೋದರಾಯಿತು ಎಂದು ಕುಳಿತಂತೆ. ಎಡೆ ಹೊಡೆಯುವುದು, ಕಳೆ ತೆಗೆಯುವುದು ಯಾರು?

ಪರೀಕ್ಷೆಯ ಲೆಕ್ಕವೂ ಹಾಗೆಯೇ. ಎನ್‌ಪಿಟಿಇಎಲ್‌ನಲ್ಲಿ ಪಾಠ ಪುಕ್ಕಟೆ. ಪ್ರಮಾಣಪತ್ರ ಬೇಕೆಂದರೆ ಪರೀಕ್ಷೆಗೆ ಶುಲ್ಕ ಕಟ್ಟಬೇಕು, ಗೊತ್ತುಮಾಡಿದ ಕೇಂದ್ರಕ್ಕೆ ಹೋಗಿ ಕೂತೇ ಬರೆಯಬೇಕು. ನೂರು ಅಂಕಗಳಲ್ಲಿ 25 ವಾರದ ಬರವಣಿಗೆಗಳಿಗೆ, 75 ಪರೀಕ್ಷೆಗೆ. ಬರವಣಿಗೆಯಲ್ಲಿ 10 ಮತ್ತು ಪರೀಕ್ಷೆಯಲ್ಲಿ 30, ಎರಡೂ ಬಂದರೆ ಮಾತ್ರ ಪಾಸು. ಪರೀಕ್ಷೆಯಲ್ಲಿ ಎಷ್ಟೇ ಬರೆದರೂ ವಾರದ ಕೆಲಸ ಬಿಟ್ಟವನಿಗೆ ಪ್ರಮಾಣಪತ್ರವಿಲ್ಲ. ಇದು ಮೊದಲ ವಾರವೇ ಗೊತ್ತಾದರೆ ಹುಡುಗ ಎಚ್ಚರಾಗುತ್ತಾನೆ. ಹತ್ತನೆಯ ವಾರ ಗೊತ್ತಾದರೆ ಕೈ ಮೀರಿರುತ್ತದೆ.

ಇದು ನಮ್ಮ ಮಕ್ಕಳ ದೌರ್ಬಲ್ಯ ಎಂದು ಯಾರೂ ತಿಳಿಯಬೇಕಾಗಿಲ್ಲ. ಅಮೆರಿಕದ ಹಾರ್ವರ್ಡ್ ಮತ್ತು ಎಂಐಟಿ ಸೇರಿ ನಡೆಸಿದ ಆನ್‌ಲೈನ್ ಕೋರ್ಸುಗಳ ಲೆಕ್ಕವನ್ನು 'ಸೈನ್ಸ್' ಪತ್ರಿಕೆ 2019ರಲ್ಲಿ ಪ್ರಕಟಿಸಿತ್ತು. 2017-18ರಲ್ಲಿ ಹೆಸರು ಹಚ್ಚಿದವರಲ್ಲಿ ಕೋರ್ಸು ಮುಗಿಸಿದವರು ನೂರಕ್ಕೆ ಮೂರು ಜನಕ್ಕಿಂತ ತುಸು ಹೆಚ್ಚು. ಸುಮ್ಮನೆ ಇಣುಕಿ ನೋಡಲು ಬಂದವರೂ ಅದರಲ್ಲಿ ಸೇರಿದ್ದಾರೆ ನಿಜ. ಆದರೆ ಹಣ ಕಟ್ಟಿ, ಪ್ರಮಾಣಪತ್ರ ಪಡೆಯಲೇಬೇಕೆಂದು ಸೇರಿದವರಲ್ಲಿಯೂ ಮುಗಿಸಿದವರು ನೂರಕ್ಕೆ 46. ಅರ್ಧಕ್ಕಿಂತ ಹೆಚ್ಚು ಜನ ನಡುದಾರಿಯಲ್ಲಿ ನಿಂತರು. ಅಂಥ ಹೆಸರುವಾಸಿ ಸಂಸ್ಥೆಗಳ ಕೋರ್ಸುಗಳ ಗತಿಯೇ ಹೀಗಿದ್ದರೆ, ಅಣ್ಣನ ಫೋನು ಬರುವ ದಾರಿ ಕಾಯುವ ಹುಡುಗಿಯ ಗತಿ ಏನು?

ಆ ಜಾತ್ರೆಯ ಭೇಟಿಯ ನಂತರ ನಾನು ಸುಮ್ಮನೆ ಕೂಡಲಾಗಲಿಲ್ಲ. ನಿವೃತ್ತನಾದರೂ ಒಂದು ಕಾಲೇಜಿಗೆ ಆನ್‌ಲೈನ್ ಪಾಠ ಹೇಳುತ್ತಿದ್ದೆ. ಮುಂದಿನ ಸೆಮಿಸ್ಟರಿನ ಮೊದಲ ದಿನ ಪಾಠ ಹೇಳಲಿಲ್ಲ. ಎರಡು ಪುಟದ ಒಂದು ಪತ್ರ ಬರೆದು ಎಲ್ಲರಿಗೂ ಕಳಿಸಿದೆ, ಓದಿಯೂ ಹೇಳಿದೆ. ಕನ್ನಡದಲ್ಲಿ ಬರೆದೆ. ಪಾಠ ಇಂಗ್ಲಿಷಿನಲ್ಲಿದ್ದರೂ ನಿಯಮ ತಾಯಿನುಡಿಯಲ್ಲಿಯೇ ಇರಬೇಕು. ಶರಣರು ಅನುಭಾವವನ್ನೇ ಜನರ ನುಡಿಯಲ್ಲಿ ಹೇಳಿದರು, ನಾವು ಗಡುವಿನ ದಿನಾಂಕವನ್ನಾದರೂ ಹೇಳಬೇಡವೇ? ಆ ಪತ್ರದಲ್ಲಿದ್ದ ಮುಖ್ಯ ಮಾತುಗಳನ್ನು ಇಲ್ಲಿ ಬರೆಯುತ್ತೇನೆ. ಬೇಕಾದವರು ತಿದ್ದಿ ಬಳಸಿಕೊಳ್ಳಲಿ.

ಮೊದಲನೆಯದು ಸಮಯ. ಈ ಪಾಠಕ್ಕೆ ವಾರಕ್ಕೆ ಏಳೂವರೆ ಗಂಟೆ ಬೇಕು. ಯಾವ ದಿನ, ಯಾವ ಹೊತ್ತು, ಎಲ್ಲಿ ಕೂತು ಓದುತ್ತೀರಿ ಎಂದು ಇವತ್ತೇ ಬರೆದು ನನಗೆ ಕಳಿಸಿ. ಅದನ್ನು ಮನೆಯವರಿಗೂ ತೋರಿಸಿ. ಮಗಳು ಫೋನು ಹಿಡಿದು ಕೂತಿದ್ದಾಳೆ ಎಂದರೆ ಆಟ ಆಡುತ್ತಿದ್ದಾಳೆ ಎಂದು ತಿಳಿಯುವ ತಾಯಿಗೆ, ಅದು ಓದಿನ ಹೊತ್ತು ಎಂದು ಗೊತ್ತಾಗಲಿ.

ಎರಡನೆಯದು ಗಡುವು. ಬರವಣಿಗೆ ಭಾನುವಾರ ರಾತ್ರಿ 10 ಗಂಟೆಯೊಳಗೆ ಬರಬೇಕು. ಸೆಮಿಸ್ಟರಿನಲ್ಲಿ ಎರಡು ಸಲ, ತಲಾ ಮೂರು ದಿನ, ಯಾರು ಬೇಕಾದರೂ ಸಮಯ ಕೇಳಬಹುದು. ಕಾರಣ ಹೇಳಬೇಕಾಗಿಲ್ಲ. "ಸಮಯ ಬೇಕು" ಎಂಬ ಎರಡು ಶಬ್ದ ಸಾಕು. ಕಾರಣ ಏಕೆ ಕೇಳುವುದಿಲ್ಲ ಎಂದರೆ, ಕಾರಣ ಕೇಳಿದರೆ ಬಡವರ ಮಕ್ಕಳು ತಮ್ಮ ಬಡತನವನ್ನು ನನ್ನ ಮುಂದೆ ಬಿಚ್ಚಿಡಬೇಕಾಗುತ್ತದೆ. ಸ್ವಾಭಿಮಾನ ಇದ್ದವರು ಹಾಗೆ ಮಾಡುವುದಕ್ಕಿಂತ ಸೊನ್ನೆಯನ್ನೇ ಒಪ್ಪಿಕೊಳ್ಳುತ್ತಾರೆ.

ಮೂರನೆಯದು ಪ್ರಶ್ನೆ. ಪಾಠದ ಸಂಶಯವನ್ನು ಗುಂಪಿನಲ್ಲಿಯೇ ಕೇಳಿ. ನಿಮಗೆ ಬಂದ ಸಂಶಯ ಇನ್ನೂ ಹತ್ತು ಜನರಿಗೆ ಬಂದಿರುತ್ತದೆ. ಸ್ವಂತದ ಮಾತಿದ್ದರೆ ನನಗೆ ನೇರವಾಗಿ ಬರೆಯಿರಿ. ಒಂದು ದಿನದೊಳಗೆ ಉತ್ತರಿಸುತ್ತೇನೆ, ರಾತ್ರಿ 9ರ ನಂತರ ಉತ್ತರಿಸುವುದಿಲ್ಲ. ಈ ಕೊನೆಯ ಮಾತೂ ಬೇಕು. ರಾತ್ರಿ 11ಕ್ಕೆ ಪ್ರಶ್ನೆ ಕಳಿಸಿ, ಉತ್ತರ ಬರಲಿಲ್ಲವೆಂದು ಸರ್ ಸಿಟ್ಟಾಗಿದ್ದಾರೆ ಎಂದು ತಿಳಿದು ಅಂಜಿ ಕೂತ ಮಕ್ಕಳನ್ನು ನೋಡಿದ್ದೇನೆ.

ನಾಲ್ಕನೆಯದು ಕ್ಯಾಮೆರಾ. ಹಚ್ಚಿದರೆ ಸಂತೋಷ, ಹಚ್ಚಲೇಬೇಕೆಂದಿಲ್ಲ. ಒಂದೇ ಕೋಣೆಯ ಮನೆಯಲ್ಲಿ ಹಿಂದೆ ಅಜ್ಜಿ ಮಲಗಿರುತ್ತಾಳೆ, ಒಲೆ ಉರಿಯುತ್ತಿರುತ್ತದೆ. ಮನೆಯ ಒಳಗನ್ನು ಎಲ್ಲರಿಗೂ ತೋರಿಸಬೇಕೆಂಬ ನಿಯಮ ಯಾವ ಕಾಲೇಜಿನಲ್ಲಿಯೂ ಇರಲಿಲ್ಲ, ಆನ್‌ಲೈನಿನಲ್ಲಿಯೂ ಬೇಡ. ಹಾಜರಿಯನ್ನು ಮುಖ ನೋಡಿ ಹಾಕುವುದಿಲ್ಲ. ಪಾಠ ಮುಗಿದ ಮೇಲೆ ತಿಳಿದದ್ದನ್ನು ನಾಲ್ಕು ಸಾಲು ಬರೆದು ಕಳಿಸಿದವರು ಹಾಜರು.

ಐದನೆಯದು ನಡೆ ನುಡಿ. ತರಗತಿಯ ಗುಂಪಿನಲ್ಲಿ ಶುಭೋದಯದ ಚಿತ್ರ ಬೇಡ, ರಾಜಕೀಯ ಬೇಡ, ಜಾತಿ ಹಿಡಿದು, ಊರು ಹಿಡಿದು ಹಾಸ್ಯ ಬೇಡ. ಗುಂಪಿನಿಂದ ಹೆಣ್ಣುಮಕ್ಕಳ ನಂಬರು ತೆಗೆದುಕೊಂಡು ಬೇರೆ ಮೆಸೇಜು ಕಳಿಸುವವರನ್ನು ಮೊದಲ ಸಲವೇ ಹೊರಗೆ ಹಾಕಿ, ಪ್ರಾಚಾರ್ಯರಿಗೆ ತಿಳಿಸುತ್ತೇನೆ. ಇದೊಂದರಲ್ಲಿ ಎರಡನೆಯ ಅವಕಾಶವಿಲ್ಲ. ಇಂಥ ಒಂದು ಮೆಸೇಜು ಬಂದರೆ ಮನೆಯವರು ಹುಡುಗಿಯ ಫೋನನ್ನೇ ಕಸಿದುಕೊಳ್ಳುತ್ತಾರೆ. ಓದು ನಿಲ್ಲುವುದು ಆಕೆಯದು, ಅವನದಲ್ಲ.

ಆರನೆಯದು ನಕಲು. ಇದರ ಬಗ್ಗೆ ತುಸು ಹೆಚ್ಚು ಹೇಳಬೇಕು. 2022ರ ಕೊನೆಗೆ ಚಾಟ್‌ಜಿಪಿಟಿ ಬಂದ ಮೇಲೆ ಎಂಥ ಪ್ರಶ್ನೆಗೂ ಒಂದು ಗಳಿಗೆಯಲ್ಲಿ ಉತ್ತರ ಬರೆದುಕೊಡುವ ಯಂತ್ರ ಎಲ್ಲರ ಜೇಬಿನಲ್ಲಿದೆ. ಅದನ್ನು ಮುಟ್ಟಲೇಬೇಡಿ ಎಂದರೆ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ನಾನು ಹೀಗೆ ಬರೆದೆ: ತಿಳಿಯದ ಇಂಗ್ಲಿಷ್ ಶಬ್ದದ ಅರ್ಥ ಕೇಳಿ, ಪಾಠದ ಒಂದು ಭಾಗವನ್ನು ಬಿಡಿಸಿ ಹೇಳಿಸಿಕೊಳ್ಳಿ, ತಪ್ಪಿಲ್ಲ. ಆದರೆ ಉತ್ತರ ನಿಮ್ಮದೇ ಇರಲಿ. ಸಹಾಯ ಪಡೆದಿದ್ದರೆ ಕೆಳಗೆ ಒಂದು ಸಾಲು ಬರೆಯಿರಿ, ಅಂಕ ಕಡಿಯುವುದಿಲ್ಲ. ಬಚ್ಚಿಟ್ಟರೆ ಕರೆದು ಕೂಡಿಸಿ ಬಾಯಿಂದ ಕೇಳುತ್ತೇನೆ. ಅದೇ ದಿನ ಮಕ್ಕಳಿಗೆ ಆಯ್ದಕ್ಕಿ ಲಕ್ಕಮ್ಮನವರ ಕಥೆಯನ್ನೂ ಹೇಳಿದೆ. ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಇದು ನಮ್ಮದಲ್ಲವೆಂದು ಅವರು ಅದನ್ನು ತಿರುಗಿ ಕಳಿಸಿದ ಕಥೆ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಅಂದಿನ ದುಡಿಮೆಗೆ ಮೀರಿದ ಅಕ್ಕಿ ಮನೆಗೆ ಬೇಡವೆಂದವರ ಮಕ್ಕಳು, ದುಡಿಯದ ಅಂಕವನ್ನು ಮನೆಗೆ ತರಬಹುದೇ? ಇದನ್ನು ಕೇಳಿದ ಮೇಲೆ ಒಬ್ಬ ಹುಡುಗ ತಾನು ಕಳಿಸಿದ್ದ ಬರವಣಿಗೆಯನ್ನು ತಿರುಗಿ ಪಡೆದು ಮತ್ತೆ ಬರೆದು ಕಳಿಸಿದ. ಮೊದಲಿನದಕ್ಕಿಂತ ಅದರಲ್ಲಿ ತಪ್ಪುಗಳು ಜಾಸ್ತಿ ಇದ್ದವು. ನಾನು ಸಂತೋಷದಿಂದ ತಿದ್ದಿದೆ.

ಏಳನೆಯದು, ನನ್ನ ಕಡೆಯ ಮಾತು. ಮಕ್ಕಳಿಂದ ಮಾತ್ರ ಬೇಡಿದರೆ ಅದು ಹುಕುಂ ಆಗುತ್ತದೆ. ನಾನು ಏನು ಕೊಡುತ್ತೇನೆಂಬುದೂ ಬರೆದಿರಬೇಕು. ಬರವಣಿಗೆಯನ್ನು ಏಳು ದಿನದೊಳಗೆ ತಿದ್ದಿ ಕೊಡುತ್ತೇನೆ. ಬರೀ ಅಂಕ ಹಾಕದೆ ಎಲ್ಲಿ ತಪ್ಪಾಯಿತು ಎಂದು ಬರೆಯುತ್ತೇನೆ. ಯಾವ ಉತ್ತರಕ್ಕೆ ಎಷ್ಟು ಅಂಕ ಎಂಬುದಕ್ಕೆ ಒಂದು ಮಾದರಿಯನ್ನು ಮೊದಲೇ ತೋರಿಸುತ್ತೇನೆ. ಪಾಠದ ಧ್ವನಿಯನ್ನು ಸಣ್ಣ ಫೈಲಾಗಿಯೂ ಕಳಿಸುತ್ತೇನೆ, ಡೇಟಾ ಕಡಿಮೆ ಇದ್ದವರು ವೀಡಿಯೊ ಬಿಟ್ಟು ಅದನ್ನೇ ಕೇಳಬಹುದು. ಎರಡು ವಾರ ಸುದ್ದಿಯಿಲ್ಲದವರಿಗೆ ನಾನೇ ಫೋನು ಮಾಡುತ್ತೇನೆ. ಇದನ್ನು ನಾನು ತಪ್ಪಿದರೆ ನೀವು ಕೇಳಬಹುದು, ಎಂದೂ ಬರೆದೆ. ಒಂದು ಸಲ ತಿದ್ದುವುದು ತಡವಾದಾಗ ಒಬ್ಬ ಹುಡುಗಿ, "ಸರ್, ಒಂಬತ್ತು ದಿನ ಆತ್ರಿ" ಎಂದು ಗುಂಪಿನಲ್ಲಿಯೇ ಕೇಳಿದಳು. ಮುಜುಗರವಾಯಿತು. ಆದರೆ ಮನಸ್ಸಿನಲ್ಲಿ ಎಲ್ಲೋ ಸಮಾಧಾನವೂ ಆಯಿತು. ಕೇಳಬಹುದು ಎಂದು ಈಕೆಗೆ ಗೊತ್ತಿತ್ತು.

ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಈ ಪತ್ರ ನೋಡಿ ಹುಬ್ಬೇರಿಸಿದರು. "ಕಾಲೇಜು ಹುಡುಗರಿಗೆ ಅಂಗನವಾಡಿ ಮಕ್ಕಳಿಗೆ ಹೇಳಿದಂಗ ಹೇಳಬೇಕೇನ್ರಿ? ಹಿಂಗ ಕೈ ಹಿಡದು ನಡಸಿದ್ರ ಅವರಿಗೆ ಜವಾಬ್ದಾರಿ ಬರೂದು ಯಾವಾಗ?" ಎಂದರು. ಅವರ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ಸಡಿಲು ಹೆಚ್ಚಾದರೆ ಮಕ್ಕಳು ಕೆಡುತ್ತಾರೆ. ಆದ್ದರಿಂದಲೇ ಸಡಿಲು ಎರಡೇ ಸಲ, ಮೂರನೆಯ ಸಲಕ್ಕೆ ಸೊನ್ನೆ. ಆ ಸೊನ್ನೆಯನ್ನು ಈಗಲೂ ಹಾಕುತ್ತೇನೆ, ಹಾಕಿದ್ದೇನೆ. ಆದರೆ ಒಂದು ವ್ಯತ್ಯಾಸವಿದೆ. ನಿಯಮ ಗೊತ್ತಿದ್ದು ತಪ್ಪಿದವನಿಗೆ ಸೊನ್ನೆ ಬಿದ್ದರೆ ಅದು ಅವನ ತಪ್ಪಿನ ಫಲ. ನಿಯಮವನ್ನೇ ಹೇಳದೆ ಸೊನ್ನೆ ಹಾಕಿದರೆ ಅದು ನನ್ನ ತಪ್ಪಿನ ಫಲ, ಉಣ್ಣುವವಳು ಅವಳು. ಜವಾಬ್ದಾರಿ ಕಲಿಸಬೇಕೆಂದರೆ ಮೊದಲು ಜವಾಬ್ದಾರಿ ಯಾವುದೆಂದು ಹೇಳಬೇಕಲ್ಲವೇ?

ಪತ್ರ ಕಳಿಸಿದರೆ ಕೆಲಸ ಮುಗಿಯಲಿಲ್ಲ ಎಂಬುದನ್ನೂ ಕಲಿತೆ. ಮೊದಲ ಸಲ ಅರ್ಧ ಜನ ಓದಿಯೇ ಇರಲಿಲ್ಲ. ಈಗ ಮೊದಲ ವಾರದ ಬರವಣಿಗೆ ಎಂದರೆ ಆ ಪತ್ರವೇ. ಐದು ಸಣ್ಣ ಪ್ರಶ್ನೆ ಕೇಳುತ್ತೇನೆ: ಫೋನು ಕೆಟ್ಟರೆ ಏನು ಮಾಡುವೆ? ಸಮಯ ಎಷ್ಟು ಸಲ ಕೇಳಬಹುದು? ಈ ನಿಯಮಗಳಲ್ಲಿ ನಿನಗೆ ಕಷ್ಟವಾಗುವುದು ಯಾವುದು? ಈ ಕೊನೆಯ ಪ್ರಶ್ನೆಯ ಉತ್ತರಗಳಿಂದಲೇ ನಿಯಮಗಳನ್ನು ತಿದ್ದುತ್ತ ಬಂದಿದ್ದೇನೆ. ಮೊದಲು ಗಡುವು ಇದ್ದದ್ದು ಶನಿವಾರ ರಾತ್ರಿ. ದುಡಿಯಲು ಹೋಗುವ ಮಕ್ಕಳಿಗೆ ಭಾನುವಾರವೊಂದೇ ಬಿಡುವು ಎಂದು ಅವರಿಂದಲೇ ತಿಳಿಯಿತು.

ಇನ್ನು ಮಠಗಳಿಗೂ ಪೂಜ್ಯರಿಗೂ ನನ್ನ ಬಿನ್ನಹ. ಹಳ್ಳಿಯ ಮಕ್ಕಳಿಗೆ ಪಟ್ಟಣದಲ್ಲಿ ಅನ್ನವೂ ಆಸರೆಯೂ ಇಲ್ಲದೆ ಓದು ನಿಲ್ಲುತ್ತಿದ್ದ ಕಾಲದಲ್ಲಿ ನಮ್ಮ ಹಿರಿಯರು ಪ್ರಸಾದ ನಿಲಯಗಳನ್ನು ತೆರೆದರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಕೂಡಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮಿಗಳು ಜಾತಿ ಮತ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟರು. ಅಂದಿನ ಕೊರತೆ ಅನ್ನದ್ದಾಗಿತ್ತು. ಇಂದು ಆನ್‌ಲೈನ್ ಓದುವ ಮಗುವಿಗೆ ಬೇಕಾದದ್ದು ಸದ್ದಿಲ್ಲದ ಒಂದು ಮೂಲೆ, ನಿಲ್ಲದ ಇಂಟರ್ನೆಟ್ಟು, ಸಂಜೆ ಎರಡು ತಾಸು ಕೂತು ಮಾತಾಡಿಸುವ ಒಬ್ಬ ಹಿರಿಯ. ಊರಲ್ಲಿರುವ ಮಠದ ಒಂದು ಕೋಣೆ, ನಾಲ್ಕು ಕಂಪ್ಯೂಟರು, ನಿವೃತ್ತ ಶಿಕ್ಷಕರೊಬ್ಬರ ಸೇವೆ ಇಷ್ಟಾದರೆ ಸಾಕು. ಹೆಣ್ಣುಮಕ್ಕಳಿಗೆ ಅಲ್ಲಿ ಬೇರೆ ಸಮಯ, ಕತ್ತಲಾಗುವ ಮುನ್ನ ಮನೆ ತಲುಪುವಂಥ ಸಮಯ ಇರಲಿ. ಅಣ್ಣನ ಫೋನಿಗೆ ಕಾಯದೆ ಓದುವ ಒಂದು ಜಾಗ ಆ ಹುಡುಗಿಗೆ ಇದ್ದಿದ್ದರೆ ಕಥೆ ಬೇರೆಯಾಗುತ್ತಿತ್ತು. ಇದೂ ದಾಸೋಹವೇ ಎಂದು ನಾನು ತಿಳಿದಿದ್ದೇನೆ.

ಮಠದ ಕಾಲೇಜುಗಳ ಗುರುಬಂಧುಗಳಲ್ಲಿ ಒಂದೇ ಕೋರಿಕೆ. ಜುಲೈ ಬರುವ ಮುನ್ನ ಒಂದು ಸಂಜೆ ಕೂತು ಎರಡು ಪುಟ ಬರೆಯಿರಿ. ನಿಮ್ಮ ಪಾಠ ಏನು ಬೇಡುತ್ತದೆ, ನೀವು ಏನು ಕೊಡುತ್ತೀರಿ, ಕಷ್ಟ ಬಂದರೆ ಯಾರನ್ನು ಎಬ್ಬಿಸಬೇಕು. ಬರೆದದ್ದನ್ನು ಮನೆಯಲ್ಲಿ ಕಾಲೇಜು ಕಾಣದ ಒಬ್ಬರಿಗೆ ಓದಿ ಹೇಳಿ. ಅವರಿಗೆ ತಿಳಿದರೆ ಮಕ್ಕಳಿಗೂ ತಿಳಿಯುತ್ತದೆ. ಒಂದು ಪ್ರತಿಯನ್ನು ಪತ್ರಿಕೆಯ ಕಚೇರಿಗೂ ಕಳಿಸಿದರೆ, ಒಳ್ಳೆಯವನ್ನು ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.

ಆ ರೈತ ಬಂಧುಗಳಿಗೆ ನಾನು ಹೇಳಿದ್ದೂ ಇಷ್ಟೇ: "ಯಜಮಾನ್ರ, ಮನ್ಯಾಗ ಕುಂತು ಓದಬಹುದು, ಖರೆ. ಆದ್ರ ವಾರಕ್ಕ ಒಂದೊಂದು ಪಾಠಕ್ಕ ಏಳೂವರಿ ತಾಸು ಮಗನ್ನ ಹೊಲದ ಕೆಲಸದಿಂದ ಬಿಡಬೇಕಾಗತೈತಿ. ಬಿಡತೀರೇನು?" ಅವರು ಬಹಳ ಹೊತ್ತು ಯೋಚಿಸಿದರು. ಮಗನೂ ಈಗ ನಗುತ್ತಿರಲಿಲ್ಲ. "ಲೆಕ್ಕಾ ಹಾಕಿ ಹೇಳತೀನ್ರಿ" ಎಂದು ಹೋದರು. ಲೆಕ್ಕ ಹಾಕಿ ಬರುವ ಮನೆಯ ಹುಡುಗ ಓದು ಮುಗಿಸುತ್ತಾನೆಂಬ ಭರವಸೆ ನನಗಿದೆ.

ಆ ಹುಡುಗಿಯ ಮನೆಗೂ ಈ ಸಲ ಹೋಗಿ ಬಂದೆ. ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಬಿ.ಎ. ಕಟ್ಟಬಹುದು ಎಂದು ಹೇಳಿ, ನನ್ನ ಎರಡು ಪುಟದ ಪತ್ರವನ್ನೂ ಕೊಟ್ಟೆ. ನಿಂತಲ್ಲಿಯೇ ಓದಿದಳು. 'ಕಾರಣ ಹೇಳಬೇಕಾಗಿಲ್ಲ' ಎಂದಿದ್ದಲ್ಲಿ ಸ್ವಲ್ಪ ಹೊತ್ತು ನಿಂತು, ಮತ್ತೆ ಮೊದಲಿನಿಂದ ಓದಿದಳು. ಕಬ್ಬಿನ ಬಿಲ್ಲು ಬಂದ ಮೇಲೆ ಫೀ ಕಟ್ಟುತ್ತೇನೆ ಎಂದಿದ್ದಾಳೆ. ಬಿಲ್ಲು ಇನ್ನೂ ಬಂದಿಲ್ಲ. ಅದು ಬರಲಿ ಎಂದು ನಾನೂ ಕಾಯುತ್ತಿದ್ದೇನೆ.

– ಸಂಪಾದಕ